ಉಸಿರು ಕಾಯುವ ಮಷಿನ್‌ಗೆ ವಯಸ್ಸಾದಾಗ

ರಾತ್ರಿ ಎರಡರ ಹೊತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಪುಟ್ಟ ಪೆಟ್ಟಿಗೆಯೊಂದು ಸುಯ್ಯೆನ್ನುತ್ತಿದೆ. ಅದರಿಂದ ಹೊರಟ ಪೈಪು ಮನೆಯ ಯಜಮಾನರ ಮೂಗಿನ ಮೇಲಿನ ಮಾಸ್ಕ್‌ಗೆ ಸೇರಿದೆ. ಆರು ವರ್ಷದ ಹಿಂದೆ ಈ ಪೆಟ್ಟಿಗೆ ಬಂದ ಮೇಲೆ ಆ ಕೋಣೆಯಲ್ಲಿ ಗೊರಕೆ ನಿಂತಿತ್ತು. ಪಕ್ಕದ ಕೋಣೆಗೆ ಹಾಸಿಗೆ ಸಾಗಿಸಿದ್ದ ಹೆಂಡತಿ ಮರಳಿ ಬಂದಿದ್ದರು. ಈಗ ಕೆಲವು ವಾರಗಳಿಂದ ಆಕೆಗೆ ನಡುರಾತ್ರಿ ಎಚ್ಚರವಾಗುತ್ತಿದೆ. ಪೆಟ್ಟಿಗೆಯ ದನಿ ಕೀರಲಾಗಿದೆ. ನಡುವೆ ಒಂದು ಗೊರಕೆ, ಆಮೇಲೆ ಏನೂ ಕೇಳದ ಕೆಲವು ಕ್ಷಣ, ಆಮೇಲೆ ಬೆಚ್ಚಿಬಿದ್ದಂತೆ ಎಳೆದುಕೊಂಡ ಉಸಿರು.

ಬೆಳಿಗ್ಗೆ ಕಾಫಿ ಕೊಡುತ್ತಾ ಆಕೆ ಕೇಳುತ್ತಾರೆ: ‘ರೀ, ನಿಮ್ಮ ಮಷಿನ್ ಸರಿ ಇದೆಯಾ?’ ಅವರ ಉತ್ತರ: ‘ಗಾಳಿ ಬರ್ತಾ ಇದೆಯಲ್ಲ, ಇನ್ನೇನು ಬೇಕು?’

ಸ್ಲೀಪ್ ಅಪ್ನಿಯಾಕ್ಕೆ ಸಿಪ್ಯಾಪ್ ಮಷಿನ್ ಬಳಸುವ ಮನೆಗಳಲ್ಲಿ ಇಂಥ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಇದು ಅರ್ಧ ಲಕ್ಷ ರೂಪಾಯಿಯ ಆಸುಪಾಸಿನ ವಸ್ತು. ಸುಮ್ಮನೆ ಬದಲಿಸಲು ಮನಸ್ಸು ಬರುವುದಿಲ್ಲ, ಬದಲಿಸದೆ ಇದ್ದರೆ ಏನಾದೀತು ಎಂಬ ಅಳುಕೂ ಬಿಡುವುದಿಲ್ಲ. ಬೇರೆ ಉಪಕರಣ ಕೆಟ್ಟರೆ ಬಳಸುವವರಿಗೇ ಮೊದಲು ತಿಳಿಯುತ್ತದೆ. ಇದು ಹಾಗಲ್ಲ. ಇದು ಕೆಲಸ ಮಾಡುವಷ್ಟು ಹೊತ್ತೂ ಇದರ ಒಡೆಯರು ನಿದ್ದೆಯಲ್ಲಿರುತ್ತಾರೆ. ಆದ್ದರಿಂದಲೇ ‘ನನಗೇನೂ ತೊಂದರೆ ಅನಿಸಿಲ್ಲ’ ಎಂಬ ಒಂದೇ ಮಾತಿನ ಮೇಲೆ ಇದರ ಆಯುಷ್ಯ ನಿರ್ಧರಿಸುವುದು ಅಪಾಯ. ಪಕ್ಕದಲ್ಲಿ ಮಲಗಿದವರ ಕಿವಿ, ಮಷಿನ್ ಬರೆದಿಟ್ಟ ಲೆಕ್ಕ, ತಂತ್ರಜ್ಞರ ಒತ್ತಡಮಾಪಕ ಈ ಮೂರರ ಸಾಕ್ಷ್ಯ ಬೇಕು.

ಗಂಟಲು ಮುಚ್ಚಿಕೊಂಡಾಗ

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆ, ಗಂಟಲ ಗೋಡೆ ಒಂದಕ್ಕೊಂದು ತಾಗುವಷ್ಟು ಕುಸಿಯುತ್ತವೆ. ಎದೆ ಏಳುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ದೇಹವನ್ನು ಅರೆಎಚ್ಚರಕ್ಕೆ ತರುತ್ತದೆ, ಉಸಿರು ಬರುತ್ತದೆ, ಮತ್ತೆ ನಿದ್ದೆ, ಮತ್ತೆ ಕುಸಿತ. ಮಲಗಿದವರಿಗೆ ಇದಾವುದೂ ನೆನಪಿರುವುದಿಲ್ಲ. ಬೆಳಿಗ್ಗೆ ತಲೆನೋವು, ಹಗಲಿಡೀ ತೂಕಡಿಕೆ, ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವುದು, ಮಾತ್ರೆ ನುಂಗಿದರೂ ಇಳಿಯದ ರಕ್ತದೊತ್ತಡ ಇವಷ್ಟೇ ಕಾಣುತ್ತವೆ.

ಉಸಿರು ಹೀಗೆ 10 ಸೆಕೆಂಡ್ ಅಥವಾ ಹೆಚ್ಚು ಹೊತ್ತು ನಿಂತರೆ ಅಥವಾ ತೀರಾ ಕುಗ್ಗಿದರೆ ಅದೊಂದು ಘಟನೆ. ಗಂಟೆಗೆ ಇಂಥ ಘಟನೆ ಎಷ್ಟು ಎಂಬುದೇ ವೈದ್ಯರು ಹೇಳುವ ‘ಎಎಚ್‌ಐ’. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ತಡೆ ಎಂದರ್ಥ.

2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಮುಂಬೈನಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಸ್ಲೀಪ್ ಅಪ್ನಿಯಾದ ಹೆಸರಿತ್ತು. ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಹಾಡುಗಳಿಂದ ಅವರನ್ನು ಬಲ್ಲ ಕನ್ನಡಿಗರಲ್ಲಿ ಎಷ್ಟೋ ಮಂದಿ ಆ ಕಾಯಿಲೆಯ ಹೆಸರನ್ನು ಅಂದೇ ಮೊದಲು ಕೇಳಿರಬೇಕು.

ಸಿಡ್ನಿಯಲ್ಲಿ ಹುಟ್ಟಿದ ಉಪಾಯ

1980ಕ್ಕೆ ಮುಂಚೆ ತೀವ್ರ ಅಪ್ನಿಯಾಕ್ಕೆ ಇದ್ದ ಖಚಿತ ಚಿಕಿತ್ಸೆ ಒಂದೇ: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಕೊರೆದು ನಳಿಕೆ ಇಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಅವರ ಬಳಿ ಬಂದ, ಕಟ್ಟಡ ಕೆಲಸದ ರೋಗಿಯೊಬ್ಬರು ಆ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಸಲಿವನ್ ವ್ಯಾಕ್ಯೂಮ್ ಕ್ಲೀನರ್ ಮೋಟರನ್ನು ಗಾಳಿ ಹೀರುವ ಬದಲು ಊದುವಂತೆ ಜೋಡಿಸಿ, ಮೂಗಿನ ಅಚ್ಚಿಗೆ ತಕ್ಕ ಮಾಸ್ಕ್ ಮಾಡಿ, ಆ ರೋಗಿಯ ಗಂಟಲಿಗೆ ಹದವಾದ ಒತ್ತಡದಲ್ಲಿ ಗಾಳಿ ಬಿಟ್ಟರು. ಕುಸಿಯುತ್ತಿದ್ದ ದಾರಿ ತೆರೆದುಕೊಂಡಿತು, ರೋಗಿ ರಾತ್ರಿಯಿಡೀ ನಿದ್ರಿಸಿದರು. ಐದು ರೋಗಿಗಳ ಮೇಲಿನ ಈ ಪ್ರಯೋಗ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂದಿನ ಮಷಿನ್ ಮಾಡುವುದೂ ಅದನ್ನೇ. ಔಷಧ ಇಲ್ಲ, ಆಮ್ಲಜನಕವೂ ಅಲ್ಲ. ಕೋಣೆಯ ಗಾಳಿಯನ್ನೇ ಒತ್ತಿ ಕಳಿಸುತ್ತದೆ. ಒತ್ತಡವನ್ನು ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಮನೆಗೆ ಕೊಡುವ ಮಷಿನ್‌ಗಳ ವ್ಯಾಪ್ತಿ ಸಾಮಾನ್ಯವಾಗಿ 4ರಿಂದ 20. ಒಬ್ಬರಿಗೆ 8 ಸಾಕು, ಇನ್ನೊಬ್ಬರಿಗೆ 14 ಬೇಕು. 12 ಬೇಕಾದ ಗಂಟಲಿಗೆ 9 ಬಂದರೂ ಮುಖಕ್ಕೆ ಗಾಳಿ ತಗಲುತ್ತಲೇ ಇರುತ್ತದೆ, ಗಂಟಲು ಮಾತ್ರ ತೆರೆಯುವುದಿಲ್ಲ. ‘ಗಾಳಿ ಬರ್ತಾ ಇದೆಯಲ್ಲ’ ಎಂಬ ಮಾತು ಮೋಸ ಮಾಡುವುದು ಇಲ್ಲೇ.

ಒಳಗೆ ಸವೆಯುವುದೇನು

ಪೆಟ್ಟಿಗೆಯೊಳಗೆ ಸದಾ ಚಲಿಸುವ ಭಾಗ ಒಂದೇ: ಅತಿವೇಗದಲ್ಲಿ ತಿರುಗುವ ಪುಟ್ಟ ಬ್ಲೋವರ್. ವರ್ಷಗಳ ಕಾಲ ತಿರುಗಿದ ಮೇಲೆ ಅದರ ಬೇರಿಂಗ್ ಸವೆಯುತ್ತದೆ. ಕೀರಲು ದನಿ, ಗುಡುಗುಡು ಶಬ್ದ, ಮಷಿನ್ ಹೆಚ್ಚು ಬಿಸಿಯಾಗುವುದು ಅದರ ಸೂಚನೆ. ಬ್ಲೋವರ್‌ನ ಜೊತೆಗೆ ಒತ್ತಡ ಅಳೆಯುವ ಸೆನ್ಸರ್, ಸದ್ದು ಅಡಗಿಸುವ ಫೋಮ್, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ, ಅದರಡಿಯ ಬಿಸಿತಟ್ಟೆ ಇರುತ್ತವೆ.

ನಮ್ಮ ಊರುಗಳ ಹವೆ ಇವುಗಳ ಮೇಲೆ ತನ್ನದೇ ಗುರುತು ಬಿಡುತ್ತದೆ. ಬಯಲುಸೀಮೆಯ ಬೇಸಿಗೆಯ ದೂಳು ಫಿಲ್ಟರನ್ನು ಬೇಗ ಕಪ್ಪಾಗಿಸುತ್ತದೆ. ಕಟ್ಟಿದ ಫಿಲ್ಟರ್‌ನ ಹಿಂದೆ ಬ್ಲೋವರ್ ಏದುಸಿರು ಬಿಡುತ್ತಾ ದುಡಿಯಬೇಕಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಡಬ್ಬಿಯ ತಳದಲ್ಲಿ ಸುಣ್ಣದ ಪದರ ಕೂರುತ್ತದೆ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಹಾಕಿ ಎನ್ನುವುದು. ಮಲೆನಾಡಿನ ಚಳಿ ರಾತ್ರಿಗಳಲ್ಲಿ ಪೈಪಿನೊಳಗೆ ಹನಿಗಟ್ಟಿದ ನೀರು ಗುಳುಗುಳು ಎನ್ನುತ್ತದೆ. ಎಷ್ಟೋ ಜನ ಅದನ್ನೇ ಮಷಿನ್ ಕೆಟ್ಟ ಸದ್ದೆಂದು ತಿಳಿಯುತ್ತಾರೆ. ಮಷಿನನ್ನು ದಿಂಬಿನ ಮಟ್ಟಕ್ಕಿಂತ ಕೆಳಗಿಟ್ಟರೆ, ಪೈಪಿಗೊಂದು ಬಟ್ಟೆಯ ಕವಚ ಹೊದಿಸಿದರೆ, ತೇವದ ಮಟ್ಟ ತಗ್ಗಿಸಿದರೆ ಆ ಸದ್ದು ಹೋಗುತ್ತದೆ. ಕರೆಂಟ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಅಡಾಪ್ಟರ್. ಒಂದು ಬೆಳಿಗ್ಗೆ ಮಷಿನ್ ಪೂರ್ತಿ ಸತ್ತಂತೆ ಕಂಡರೆ ಬೇರೆ ಅಡಾಪ್ಟರ್ ಹಾಕಿ ನೋಡುವ ತನಕ ಹೊಸ ಮಷಿನ್‌ನ ಬೆಲೆ ಕೇಳಬೇಕಾಗಿಲ್ಲ.

ವರ್ಷಕ್ಕಿಂತ ಗಂಟೆ ಮುಖ್ಯ

ಐದು ವರ್ಷ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದಕ್ಕೆ ಎರಡು ಮೂಲಗಳಿವೆ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್, ಇಂಥ ಉಪಕರಣದ ಬಳಕೆಯ ಅವಧಿಯನ್ನು ಐದು ವರ್ಷವೆಂದು ಎಣಿಸಿ ಆಮೇಲೆ ಹೊಸದಕ್ಕೆ ಹಣ ಕೊಡುತ್ತದೆ. ತಯಾರಕರೂ ತಮ್ಮ ಕೈಪಿಡಿಗಳಲ್ಲಿ ವಿನ್ಯಾಸದ ಆಯುಷ್ಯ ಬರೆಯುತ್ತಾರೆ. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಮಾದರಿಯ ಕೈಪಿಡಿಯಲ್ಲಿ ಮಷಿನ್ ಮತ್ತು ಅಡಾಪ್ಟರ್‌ಗೆ 5 ವರ್ಷ, ಪೈಪಿಗೆ 6 ತಿಂಗಳು ಎಂದಿದೆ. ಐದನೇ ಹುಟ್ಟುಹಬ್ಬದ ಮರುದಿನ ಮಷಿನ್ ನಿಲ್ಲುತ್ತದೆ ಎಂದು ಇದರರ್ಥವಲ್ಲ. ಅಲ್ಲಿಯವರೆಗಿನ ಭರವಸೆ ತಯಾರಕರದ್ದು, ಅಲ್ಲಿಂದ ಮುಂದೆ ಪರೀಕ್ಷಿಸಿ ನೋಡುವ ಹೊಣೆ ನಮ್ಮದು.

ಸ್ಕೂಟರ್ ಯಾವ ವರ್ಷದ್ದು ಎನ್ನುವುದಕ್ಕಿಂತ ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದು ಹೆಚ್ಚು ಹೇಳುವಂತೆ, ಇಲ್ಲಿಯೂ ಓಡಿದ ಗಂಟೆಗಳ ಲೆಕ್ಕ ನೋಡಬೇಕು. ದಿನಕ್ಕೆ 7 ಗಂಟೆ ಬಳಸುವವರ ಮಷಿನ್ ವರ್ಷಕ್ಕೆ ಎರಡೂವರೆ ಸಾವಿರ ಗಂಟೆ ದಾಟುತ್ತದೆ, ಎಂಟು ವರ್ಷಕ್ಕೆ 20 ಸಾವಿರ. ವಾರಕ್ಕೆರಡು ರಾತ್ರಿ ಹಾಕಿಕೊಂಡವರದು ಅಷ್ಟೇ ವರ್ಷದಲ್ಲಿ ಅದರ ಮೂರನೇ ಒಂದು ಭಾಗವನ್ನೂ ಮುಟ್ಟಿರುವುದಿಲ್ಲ. ಮಷಿನ್‌ನ ಮೆನುವಿನಲ್ಲಿ ಒಟ್ಟು ಗಂಟೆಗಳ ಲೆಕ್ಕ ಸಿಗುತ್ತದೆ. ಕಾಣದಿದ್ದರೆ ಕೊಟ್ಟ ಡೀಲರ್ ತೆಗೆದು ತೋರಿಸುತ್ತಾರೆ. ಕೆಲವು ಮಾದರಿಗಳು ನಿಗದಿತ ಗಂಟೆ ಮುಗಿದಾಗ ‘ಮೋಟರ್ ಲೈಫ್ ಎಕ್ಸೀಡೆಡ್’ ಎಂದು ಪರದೆಯ ಮೇಲೆ ತಾವೇ ಹೇಳುತ್ತವೆ. ಈ ಸಾಲು ಕಂಡ ಮೇಲೂ ಮಷಿನ್ ಓಡುತ್ತಲೇ ಇರಬಹುದು. ಆದರೆ ಇದನ್ನು ಓಕೆ ಒತ್ತಿ ಮರೆಯುವ ಸೂಚನೆಯೆಂದು ನಾನಂತೂ ಎಣಿಸುವುದಿಲ್ಲ. ಹೊಸದಕ್ಕೆ ಹಣ ಹೊಂದಿಸಲು ಸಿಕ್ಕ ಕಾಲಾವಕಾಶ ಅದು.

ಮೊದಲು ಮಾಸ್ಕ್ ನೋಡಿ

ಮಷಿನ್ ಕೆಟ್ಟಿದೆ ಎಂದು ಬರುವ ಬಹಳಷ್ಟು ದೂರುಗಳ ಬೇರು ಮಷಿನ್‌ನಲ್ಲಿರುವುದಿಲ್ಲ, ಮುಖದ ಮೇಲಿರುತ್ತದೆ. ಮಾಸ್ಕ್‌ನ ಸಿಲಿಕೋನ್ ಅಂಚು ಚರ್ಮದ ಎಣ್ಣೆಗೆ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ತಲೆಪಟ್ಟಿಯ ಎಲಾಸ್ಟಿಕ್ ಸಡಿಲವಾಗುತ್ತದೆ. ಪೈಪಿನಲ್ಲಿ ಕಣ್ಣಿಗೆ ಕಾಣದ ಸೀಳು ಬಿಡುತ್ತದೆ. ಗಾಳಿ ಅಲ್ಲೆಲ್ಲ ಸೋರಿ, ಗಂಟಲಿಗೆ ತಲುಪುವ ಒತ್ತಡ ಇಳಿಯುತ್ತದೆ. ರಾತ್ರಿಯಿಡೀ ಕಣ್ಣಿಗೆ ಗಾಳಿ ಬಡಿದು ಬೆಳಿಗ್ಗೆ ಕೆಂಪಾಗಿದ್ದರೆ, ಮೂಗಿನ ಮಾಸ್ಕ್ ಹಾಕಿಯೂ ಬಾಯಿ ಒಣಗಿದ್ದರೆ, ಸೋರಿಕೆಯ ಅನುಮಾನ ಗಟ್ಟಿ.

ನಮ್ಮಲ್ಲಿ ಮಷಿನ್‌ಗೆ ಹಣ ಹಾಕಿದವರು ಮಾಸ್ಕ್‌ಗೆ ಹಾಕಲು ಹಿಂಜರಿಯುತ್ತಾರೆ. ನಾಲ್ಕೈದು ವರ್ಷ ಒಂದೇ ಮಾಸ್ಕನ್ನು ರಬ್ಬರ್ ಬ್ಯಾಂಡ್ ಕಟ್ಟಿ ನಡೆಸುವವರಿದ್ದಾರೆ. ಪಟ್ಟಿಯನ್ನು ಬಿಗಿ ಮಾಡಿದಷ್ಟೂ ಮೂಗಿನ ಮೇಲೆ ಗಾಯ, ಗಾಯವಾದಷ್ಟೂ ಮಾಸ್ಕ್ ಬೇಡವೆನಿಸಿ ಅದು ಕಪಾಟು ಸೇರುತ್ತದೆ. ಮಾಸ್ಕ್, ಪೈಪ್, ಫಿಲ್ಟರ್ ಮೂರನ್ನೂ ಹೊಸದು ಹಾಕಿ ಒಂದು ವಾರ ಮಲಗಿ ನೋಡಲು ತಗಲುವ ಖರ್ಚು ಹೊಸ ಮಷಿನ್‌ನ ಮುಂದೆ ಚಿಕ್ಕದು. ಗೊರಕೆ ಅಷ್ಟಕ್ಕೇ ನಿಂತರೆ ಪ್ರಶ್ನೆ ಮುಗಿಯಿತು. ದಿನಾ ಬೆಳಿಗ್ಗೆ ಮೃದು ಸೋಪಿನ ನೀರಿನಲ್ಲಿ ಮಾಸ್ಕ್ ತೊಳೆದು ನೆರಳಲ್ಲಿ ಆರಿಸಿದರೆ ಅದು ಹೆಚ್ಚು ದಿನ ಬಾಳುತ್ತದೆ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾಸ್ಕ್ ಬದಲಿಸುವಾಗ ಒಂದನ್ನು ಕೇಳಿ ತಿಳಿಯಲೇಬೇಕು: ಪಟ್ಟಿ ಸಿಕ್ಕಿಸುವ ಕ್ಲಿಪ್‌ನಲ್ಲಿ ಆಯಸ್ಕಾಂತ ಇದೆಯೇ? ಇದ್ದರೆ ಅದು ಪೇಸ್‌ಮೇಕರ್‌ಗೆ ಅಡ್ಡಿ ಮಾಡಬಹುದು. ಆಯಸ್ಕಾಂತವಿಲ್ಲದ ಮಾಸ್ಕ್‌ಗಳು ಸಿಗುತ್ತವೆ.

ಮಷಿನ್ ಬರೆದಿಟ್ಟ ಲೆಕ್ಕ

ಈಗಿನ ಮಷಿನ್‌ಗಳು ಪ್ರತಿ ರಾತ್ರಿಯ ಲೆಕ್ಕ ಇಡುತ್ತವೆ: ಎಷ್ಟು ಗಂಟೆ ಬಳಕೆ, ಎಷ್ಟು ಸೋರಿಕೆ, ಗಂಟೆಗೆ ಎಷ್ಟು ಸಲ ಉಸಿರಿಗೆ ತಡೆ. ಫೋನಿನ ಆ್ಯಪ್‌ನಲ್ಲೋ ಮಷಿನ್‌ನ ಬದಿಯ ಮೆಮೊರಿ ಕಾರ್ಡ್‌ನಲ್ಲೋ ಅದು ಕೂತಿರುತ್ತದೆ. ಒಂದು ರಾತ್ರಿಯ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ನೆಗಡಿಯಾದರೂ ಅಂಕಿ ಏರುತ್ತದೆ, ಮದ್ಯ ಸೇವಿಸಿದರೂ ಏರುತ್ತದೆ. ವರ್ಷಗಟ್ಟಲೆ 2–3ರಲ್ಲಿದ್ದ ಎಎಚ್‌ಐ ಒಂದೆರಡು ತಿಂಗಳಿಂದ 7–8ರ ಸುತ್ತ ನಿಂತಿದ್ದರೆ, ಸೋರಿಕೆಯೂ ಹೆಚ್ಚಿಲ್ಲದಿದ್ದರೆ, ಆಗ ಕಾರಣ ಹುಡುಕಬೇಕು.

ಒಂದು ಎಚ್ಚರಿಕೆ. ಮಷಿನ್ ಗಾಳಿಯ ಹರಿವು ನೋಡಿ ಎಣಿಸುತ್ತದೆ. ರಕ್ತದ ಆಮ್ಲಜನಕ ಅದಕ್ಕೆ ತಿಳಿಯದು, ನೀವು ಎಚ್ಚರವಿದ್ದಿರೋ ನಿದ್ರಿಸಿದ್ದಿರೋ ಎಂಬುದೂ ತಿಳಿಯದು. ಸೆನ್ಸರೇ ಹಳತಾಗಿದ್ದರೆ ಅದರ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಅಂಕಿ ಚೆನ್ನಾಗಿದ್ದೂ ಹಗಲಿನ ತೂಕಡಿಕೆ, ಬೆಳಗಿನ ತಲೆನೋವು ಮರಳಿದ್ದರೆ ದೇಹದ ಮಾತಿಗೇ ಹೆಚ್ಚು ಬೆಲೆ ಕೊಡಿ. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ನೆರವಾಗದು. ಎಚ್ಚರವಿದ್ದಾಗ ತೋರುವ 98, ನಿದ್ದೆಯಲ್ಲಿ ಏನಾಯಿತೆಂದು ಹೇಳುವುದಿಲ್ಲ.

ಇಲ್ಲಿ ನೆರವಾಗುವುದು ಒತ್ತಡದ ಪರೀಕ್ಷೆ. ಮಾಸ್ಕ್ ಸೇರುವ ತುದಿಗೆ ಮಾಪಕ ಜೋಡಿಸಿ, 10ಕ್ಕೆ ಇಟ್ಟಾಗ ನಿಜಕ್ಕೂ 10 ಬರುತ್ತಿದೆಯೇ ಎಂದು ತಂತ್ರಜ್ಞರು ನೋಡುತ್ತಾರೆ. ಸ್ವಲ್ಪ ಹೊತ್ತಿನ ಕೆಲಸ. ಐದು ವರ್ಷ ದಾಟಿದ ಮಷಿನ್‌ಗೆ ವರ್ಷಕ್ಕೊಮ್ಮೆ ಇದನ್ನು ಮಾಡಿಸುವುದು ನನ್ನ ಮಟ್ಟಿಗೆ ಅತಿ ಮುಖ್ಯ ಸಲಹೆ. ಮಾರುವವರು ಇದನ್ನು ತಾವಾಗಿ ಹೇಳದಿದ್ದರೆ ಕೇಳಿ ಮಾಡಿಸಬೇಕು.

ಫೋಮ್ ಪುಡಿಯಾದ ಕತೆ

ಚೆನ್ನಾಗಿ ಓಡುತ್ತಿದ್ದರೂ ಬದಲಿಸಬೇಕಾದ ಸಂದರ್ಭವೊಂದಿದೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಡ್ರೀಮ್‌ಸ್ಟೇಷನ್ ಮೊದಲ ತಲೆಮಾರಿನ ಮಾದರಿಯೂ ಸೇರಿ ಲಕ್ಷಾಂತರ ಉಪಕರಣಗಳನ್ನು ಹಿಂದಕ್ಕೆ ಕರೆಯಿತು. ಸದ್ದಡಗಿಸಲು ಗಾಳಿಯ ದಾರಿಯಲ್ಲಿ ಇಟ್ಟಿದ್ದ ಪಾಲಿಯುರಿಥೇನ್ ಫೋಮ್ ಕಾಲಕ್ರಮದಲ್ಲಿ ಪುಡಿಯಾಗಿ, ಕಣಗಳೂ ರಾಸಾಯನಿಕ ಆವಿಯೂ ಬಳಸುವವರ ಉಸಿರಿಗೆ ಸೇರಬಹುದೆಂಬುದು ಕಾರಣ. ಜಗತ್ತಿನಾದ್ಯಂತ 50 ಲಕ್ಷಕ್ಕೂ ಹೆಚ್ಚು ಉಪಕರಣಗಳು ಇದರ ವ್ಯಾಪ್ತಿಗೆ ಬಂದವು. ಅಮೆರಿಕದಲ್ಲಿ ಆರೋಗ್ಯ ಹಾನಿಯ ಮೊಕದ್ದಮೆಗಳ ಇತ್ಯರ್ಥಕ್ಕೆ ಕಂಪನಿ 2024ರಲ್ಲಿ 110 ಕೋಟಿ ಡಾಲರ್ ಕೊಡಲು ಒಪ್ಪಿತು. ಬಿಸಿ, ತೇವದ ಹವೆಯಲ್ಲೂ ಓಜೋನ್ ಬಳಸಿ ಶುಚಿಗೊಳಿಸುವ ಸಾಧನಗಳಿಂದಲೂ ಫೋಮ್ ಬೇಗ ಹಾಳಾಗಬಹುದೆಂದು ಆಗ ಹೇಳಲಾಯಿತು. ಕರಾವಳಿಯ ಮನೆಗಳಲ್ಲಿ ಇದನ್ನು ಮರೆಯಬಾರದು.

ಮಷಿನ್‌ನ ತಳದಲ್ಲಿರುವ ಮಾದರಿ ಹೆಸರು, ಸೀರಿಯಲ್ ನಂಬರ್ ಬರೆದುಕೊಂಡು, ಹಿಂಪಡೆದ ಪಟ್ಟಿಯಲ್ಲಿದೆಯೇ ಎಂದು ತಯಾರಕರ ಸಹಾಯವಾಣಿಯಲ್ಲಿ ಕೇಳಬಹುದು. ಪೈಪಿನಲ್ಲಿ ಕಪ್ಪು ಪುಡಿ ಕಂಡರೆ, ಸುಟ್ಟ ಅಥವಾ ರಾಸಾಯನಿಕ ವಾಸನೆ ಬಂದರೆ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ. ತೀವ್ರ ಅಪ್ನಿಯಾ ಇರುವವರು ಅವರನ್ನು ಕೇಳದೆ ಮಷಿನ್ ನಿಲ್ಲಿಸಿ ತಿಂಗಳುಗಟ್ಟಲೆ ಹಾಗೇ ಮಲಗುವುದೂ ಅಪಾಯವೇ. ಬದಲಿ ವ್ಯವಸ್ಥೆ ಮೊದಲು ಆಗಬೇಕು.

ಹಳೆಯ ಒತ್ತಡ, ಹೊಸ ದೇಹ

ಹೊಸ ಮಷಿನ್ ತಂದು ಹಳೆಯದರ ಅಂಕಿಗಳನ್ನೇ ಅದಕ್ಕೆ ತುಂಬಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆರು ವರ್ಷದಲ್ಲಿ ದೇಹ ಬದಲಾಗಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ದೀರ್ಘ ಅಧ್ಯಯನದ 2000ದ ವರದಿಯಂತೆ, ತೂಕ ಶೇ 10ರಷ್ಟು ಏರಿದವರ ಎಎಚ್‌ಐ ಸುಮಾರು ಶೇ 32ರಷ್ಟು ಏರುತ್ತದೆ, ಅಷ್ಟೇ ತೂಕ ಇಳಿದರೆ ಸುಮಾರು ಶೇ 26ರಷ್ಟು ಇಳಿಯುತ್ತದೆ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು, ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಹದಿನೈದು–ಇಪ್ಪತ್ತು ಕಿಲೋ ಇಳಿಸಿದವರು ಹೊಸ ಮಷಿನ್‌ಗೆ ಮುಂಗಡ ಕೊಡುವ ಮೊದಲು ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸಿದರೆ, ಕಡಿಮೆ ಒತ್ತಡ ಸಾಕೆಂದು ತಿಳಿಯಬಹುದು. ಕೆಲವರಿಗೆ ಮಷಿನ್‌ನ ಅಗತ್ಯವೇ ಉಳಿದಿರುವುದಿಲ್ಲ.

ತೂಕ ಹಾಗೇ ಇದ್ದೂ ಅಂಕಿ ಕೆಟ್ಟಿದ್ದರೆ ಬೇರೆ ಬಗೆಯ ಅಪ್ನಿಯಾ ಸೇರಿಕೊಂಡಿರಬಹುದು. ಗಂಟಲು ತೆರೆದೇ ಇದ್ದು, ಉಸಿರಾಡು ಎಂಬ ಸೂಚನೆಯೇ ಮಿದುಳಿನಿಂದ ಬರದ ಸ್ಥಿತಿ ಅದು. ಹೃದಯ ದುರ್ಬಲವಾದವರಲ್ಲಿ, ಕೆಲವು ನೋವಿನ ಮಾತ್ರೆ ನುಂಗುವವರಲ್ಲಿ ಕಾಣಿಸುತ್ತದೆ. ಅದಕ್ಕೆ ಎಷ್ಟು ಹೊಸ ಸಿಪ್ಯಾಪ್ ತಂದರೂ ಪರಿಹಾರವಾಗದು, ಬೇರೆ ಪರೀಕ್ಷೆ ಬೇಕು.

ಹೊಸದು ತರುವ ಮುನ್ನ

ಹಾಗಾದರೆ ಯಾವಾಗ? ಮಾಸ್ಕ್, ಪೈಪ್, ಫಿಲ್ಟರ್ ಬದಲಿಸಿದ ಮೇಲೂ ಒತ್ತಡ ನಿಲ್ಲದಿದ್ದರೆ, ಮಷಿನ್ ರಾತ್ರಿ ತಾನಾಗಿ ನಿಂತು ಶುರುವಾಗುತ್ತಿದ್ದರೆ, ನೀರು ಒಳಗಿಳಿದಿದ್ದರೆ, ಬಿಡಿಭಾಗ ಸಿಗದಂತಾಗಿದ್ದರೆ, ಹಿಂಪಡೆದ ಪಟ್ಟಿಯಲ್ಲಿದ್ದರೆ ಇನ್ನು ಯೋಚಿಸಬೇಕಿಲ್ಲ. ರಿಪೇರಿಯ ಖರ್ಚು ಹೊಸದರ ಅರ್ಧ ಮುಟ್ಟಿದರೂ ಅಷ್ಟೇ. ಎರಡು ವರ್ಷದ ಮಷಿನ್‌ನ ಬಿಸಿತಟ್ಟೆ ಕೆಟ್ಟರೆ ರಿಪೇರಿ ಸರಿ. ಏಳು ವರ್ಷದ್ದಕ್ಕೆ ಬ್ಲೋವರ್ ಹಾಕಿಸುವುದು ಹಣಕ್ಕೆ ಹೊಂದುವ ಮಾತಲ್ಲ. ಬಸ್ಸು, ಲಾರಿ, ಕ್ಯಾಬ್ ಓಡಿಸುವವರು, ಯಂತ್ರಗಳ ಮುಂದೆ ನಿಲ್ಲುವವರು ಪೂರ್ತಿ ಕೆಡುವ ತನಕ ಕಾಯಲೇಬಾರದು. ಅವರ ಒಂದು ಕ್ಷಣದ ತೂಕಡಿಕೆಗೆ ಬೆಲೆ ತೆರುವವರು ಅವರೊಬ್ಬರೇ ಅಲ್ಲ.

ಸೆಕೆಂಡ್‌ಹ್ಯಾಂಡ್ ಮಷಿನ್ ಅಗ್ಗಕ್ಕೆ ಸಿಗುತ್ತದೆ. ತೀರಿಕೊಂಡವರ ಮನೆಯಿಂದ, ಬಳಸದೆ ಬಿಟ್ಟವರಿಂದ ಬರುತ್ತದೆ. ಹಣದ ಇಕ್ಕಟ್ಟಿನಲ್ಲಿ ಅದನ್ನು ಕೊಳ್ಳುವವರನ್ನು ತಪ್ಪೆನ್ನಲಾರೆ. ಆದರೆ ಒಟ್ಟು ಗಂಟೆ ಎಷ್ಟೆಂದು ನೋಡದೆ, ಸೀರಿಯಲ್ ನಂಬರ್ ವಿಚಾರಿಸದೆ, ಒತ್ತಡ ಅಳೆಸದೆ ಮನೆಗೆ ತರಬೇಡಿ. ಮಾಸ್ಕ್, ಪೈಪ್, ನೀರಿನ ಡಬ್ಬಿ ಹೊಸದೇ ಇರಲಿ. ಹಿಂದಿನವರ ಒತ್ತಡದ ಅಂಕಿಯಲ್ಲೇ ಮಲಗುವುದಂತೂ ಬೇಡ.

ಹಳೆಯದನ್ನು ಏನು ಮಾಡುವುದು? ಒತ್ತಡ ಸರಿಯಿದ್ದು, ಬರೀ ಗಂಟೆ ಮುಗಿದಿದ್ದರೆ ಊರಿಗೆ ಹೋಗುವಾಗ ಒಯ್ಯಲು, ಹೊಸದು ಸರ್ವಿಸ್‌ಗೆ ಹೋದಾಗ ಬಳಸಲು ಇಟ್ಟುಕೊಳ್ಳಬಹುದು. ನೀರಿನ ಡಬ್ಬಿ ಒಣಗಿಸಿ, ಆಗಾಗ ಓಡಿಸಿ ನೋಡುತ್ತಿರಬೇಕು. ಗೊರಕೆ ಹೊಡೆಯುವ ಭಾವಮೈದುನನಿಗೆ, ಪಕ್ಕದ ಮನೆಯವರಿಗೆ ಪರೀಕ್ಷೆಯಿಲ್ಲದೆ ಕೊಟ್ಟುಬಿಡುವುದು ಉಪಕಾರವಾಗದು. ಪೂರ್ತಿ ಕೆಟ್ಟಿದ್ದರೆ ಇ–ತ್ಯಾಜ್ಯ ಪಡೆಯುವವರಿಗೆ ಕೊಡಿ. ಕೊಡುವ ಮುನ್ನ ಬದಿಯ ಮುಚ್ಚಳ ತೆಗೆದು ಮೆಮೊರಿ ಕಾರ್ಡ್ ಎತ್ತಿಟ್ಟುಕೊಳ್ಳಿ, ಪರದೆಯ ಮೇಲಿನ ಒತ್ತಡದ ಅಂಕಿಗಳ ಫೋಟೊ ತೆಗೆದುಕೊಳ್ಳಿ. ಹೊಸ ಮಷಿನ್‌ಗೆ ಒತ್ತಡ ನಿಗದಿ ಮಾಡುವ ವೈದ್ಯರಿಗೆ ಅವೆರಡೂ ಬೇಕಾಗುತ್ತವೆ.